ನಾಲಿಗೆ ಬರೆದ ಅಲೆ

ಮೊನ್ನೆ ಬುಧವಾರ ಬೆಳಿಗ್ಗೆ ನನ್ನ ಕೂದಲಿನಿಂದ ಸೀಗೆಪುಡಿಯ ವಾಸನೆ ಬರುತ್ತಿತ್ತು. ಇದರಲ್ಲೇನು ವಿಶೇಷ ಎನ್ನಬೇಡಿ. ಅಗ್ರಹಾರದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಕಡೆ ಹೆಂಗಸರು ಎರೆದುಕೊಳ್ಳುವುದು ಮಂಗಳವಾರ, ಶುಕ್ರವಾರ. ಬುಧವಾರ ತಲೆಗೆ ನೀರು ಬಿತ್ತೆಂದರೆ ಏನೋ ಕಾರಣ ಇರಲೇಬೇಕು. ನನ್ನ ಗಂಡ ಪೇಪರಿನಿಂದ ಮುಖ ಎತ್ತಿ, "ಏನೇ, ಇವತ್ತು ಯಾವ ಹಬ್ಬ?" ಎಂದರು. "ಹಬ್ಬ ಅಲ್ಲ, ಇವತ್ತು ನನ್ನ ತಲೆ ಪರೀಕ್ಷೆ" ಎಂದೆ. "ಸದ್ಯ, ಈಗಲಾದ್ರೂ ಮಾಡಿಸ್ಕೋತಿದೀಯಲ್ಲ" ಎಂದು ಮತ್ತೆ ಪೇಪರಿಗೆ ಇಳಿದರು.

ಗಾಬರಿಯಾಗಬೇಡಿ, ನನಗೇನೂ ಆಗಿಲ್ಲ. ನಾನು ನರರೋಗದ ವೈದ್ಯೆ. ಮೆದುಳಿನ ಅಲೆಗಳನ್ನು ಓದುವುದು ನನ್ನ ಹೊಟ್ಟೆಪಾಡು. ತಲೆಯ ಮೇಲೆ ಅಲ್ಲಲ್ಲಿ ವೈರು ಅಂಟಿಸಿ, ಒಳಗಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇಇಜಿ ಎಂಬ ಪರೀಕ್ಷೆ ನಿಮಗೂ ಗೊತ್ತಿರಬಹುದು. ನಮ್ಮಲ್ಲಿಗೆ ಬರುವವರ ಬಾಯಲ್ಲಿ ಅದು 'ತಲೆ ಇಸಿಜಿ'. ಕ್ಲಿನಿಕ್ಕಿಗೆ ಹೊಸ ಮಷೀನು ಬಂದಿತ್ತು. ರೋಗಿಗಳ ತಲೆಗೆ ಹಾಕುವ ಮೊದಲು ಯಾವುದಾದರೂ ಆರೋಗ್ಯವಂತ ತಲೆಯ ಮೇಲೆ ನೋಡಬೇಕಲ್ಲ? ನನ್ನ ಜೊತೆ ಬಹಳ ವರ್ಷಗಳಿಂದ ಇರುವ ಟೆಕ್ನಿಷಿಯನ್ ನಂಜುಂಡ, "ನನ್ ತಲೆ ಕೊಟ್ರೆ ವೈರ್ ಹಾಕೋರ್ಯಾರು ಮೇಡಂ? ನಿಮ್ದೇ ಕೊಟ್ಬುಡಿ. ಎಣ್ಣೆ ಮಾತ್ರ ಹಚ್ಕೋಬೇಡಿ ಕಣ್ರೀ" ಎಂದಿದ್ದ. ಎಣ್ಣೆ ಇದ್ದರೆ ವೈರು ಅಂಟುವುದಿಲ್ಲ. ದಿನಾ ಬಂದವರಿಗೆಲ್ಲ ನಾವು ಹೇಳುವ ಮಾತನ್ನು ಅವನು ನನಗೇ ಹೇಳಿ ಸಂತೋಷಪಟ್ಟ.

ಹಾಗಾಗಿ ಸೀಗೆಪುಡಿ. ಆಟೋದಲ್ಲಿ ಕೂತು ಗಾಳಿಗೆ ಕೂದಲು ಒಣಗಿಸಿಕೊಳ್ಳುತ್ತ ಹೋಗುವಾಗ ಆ ವಾಸನೆಯ ಜೊತೆಗೇ ಫಿಲೋಮಿನಮ್ಮನವರ ನೆನಪು ಬಂತು. ಕೆಲವು ವರ್ಷಗಳ ಹಿಂದೆ ಅವರೂ ಹೀಗೇ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು, ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ಇಡೀ ಕಾರಿಡಾರಿಗೆ ಸೀಗೆಯ ಘಮ ಹರಡಿಕೊಂಡು. ಹಿಂದೆ ಕೈಚೀಲ ಹಿಡಿದು ಅವರ ಯಜಮಾನರು ಅಂತೋಣಿಯಪ್ಪ.

ಅವರ ಮನೆ ಮಂಡಿ ಮೊಹಲ್ಲಾದಲ್ಲಿ. ಅಂತೋಣಿಯಪ್ಪ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಫಿಲೋಮಿನಮ್ಮ ಮನೆಯಲ್ಲೇ ತಿಂಡಿ ಮಾಡಿ ಮಾರುತ್ತಿದ್ದರು. ಚಕ್ಕುಲಿ, ಕೋಡುಬಳೆ ಇತ್ಯಾದಿ ವರ್ಷವಿಡೀ. ಕ್ರಿಸ್ಮಸ್ ಹತ್ತಿರವಾದಾಗ ಹಿಟ್ಟಿನ ಪುಟ್ಟ ಸುರುಳಿಗಳನ್ನು ಕರಿದು ಪಾಕ ಹಾಕಿದ ಕಲ್‌ಕಲ್ಸು, ರೋಸ್ ಕುಕ್ಕಿ. ರೋಸ್ ಕುಕ್ಕಿ ಗೊತ್ತಲ್ಲ? ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಮೊದಲು ಕುದಿಯುವ ಎಣ್ಣೆಯಲ್ಲಿ ಕಾಯಿಸಿ, ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿ ಮೆಲ್ಲಗೆ ಅಲ್ಲಾಡಿಸಿದರೆ ಹೂವು ಅಚ್ಚು ಬಿಟ್ಟು ತೇಲುತ್ತದೆ. ನಾನು ಒಮ್ಮೆ ಮಾಡಲು ಹೋಗಿ ಹೂವೆಲ್ಲ ಅಚ್ಚಿನಲ್ಲೇ ಉಳಿದು, ಕೊನೆಗೆ ಚಾಕುವಿನಲ್ಲಿ ಕೆರೆದು ತಿಂದೆವು.

ಒಂದು ಶುಭ ಶುಕ್ರವಾರ, ಉಪವಾಸದಲ್ಲಿ, ಚರ್ಚಿನ ಸೆಕೆಯಲ್ಲಿ ತುಂಬ ಹೊತ್ತು ನಿಂತಿದ್ದ ಫಿಲೋಮಿನಮ್ಮ ಕಣ್ಣು ಕತ್ತಲೆ ಬಂದು ಬಿದ್ದರು. ಯಾರೋ ಎಲ್ಲಿಗೋ ಕರೆದುಕೊಂಡು ಹೋದರು, ಅಲ್ಲಿ ತಲೆ ಇಸಿಜಿ ಆಯಿತು, ಮುಂದಿನ ಭಾಗದಲ್ಲಿ ಅಸಹಜ ಅಲೆಗಳಿವೆ ಎಂದು ರಿಪೋರ್ಟು ಬಂತು. ಫಿಟ್ಸ್ ಇರಬಹುದು ಎಂದು ಮಾತ್ರೆ ಶುರುವಾಯಿತು. ಒಲೆಯ ಹತ್ತಿರ, ಅದರಲ್ಲೂ ಎಣ್ಣೆ ಬಾಣಲೆಯ ಹತ್ತಿರ ನಿಲ್ಲಕೂಡದು ಎಂದರು. ಹೇಳಿದ್ದರಲ್ಲಿ ತಪ್ಪಿಲ್ಲ, ಫಿಟ್ಸ್ ಇರುವವರು ಬಾಣಲೆಯ ಮುಂದೆ ಬಿದ್ದರೆ ಗತಿಯೇನು? ಆದರೆ ಅಂದಿನಿಂದ ಆ ಮನೆಯ ಅಚ್ಚು ಮೂಲೆ ಸೇರಿತು. ಮಾತ್ರೆಯ ಮಂಪರಿನಲ್ಲಿ ಹಗಲೆಲ್ಲ ತೂಕಡಿಸುವುದೇ ಕೆಲಸವಾಯಿತು.

"ಡಾಕ್ಟ್ರಮ್ಮ, ನಂಗೆ ಬೇರೇನೂ ಬ್ಯಾಡ. ಬಾಣಲೆ ಮುಂದೆ ನಿಂತ್ಕೋಬೋದಾ ಇಲ್ವಾ, ಅಷ್ಟು ಹೇಳ್ಬುಡಿ ಸಾಕು" ಎಂದರು ಅವರು, ಕೂತ ತಕ್ಷಣ.

ಅವರು ಬಿದ್ದ ಕತೆ ಕೇಳಿದರೆ ಬರೀ ತಲೆಸುತ್ತೇ ಅನ್ನಿಸುತ್ತಿತ್ತು. ಆದರೆ ರಿಪೋರ್ಟು ಒಂದು ಬಾಲದಂತೆ ಹಿಂದೆ ಇತ್ತು. ಮತ್ತೊಮ್ಮೆ ಪರೀಕ್ಷೆ ಮಾಡೋಣ ಎಂದೆ. ನಂಜುಂಡ ಅವರನ್ನು ಮಲಗಿಸಿ, ಕೈ ಆಡಿಸಬಾರದೆಂದು ಬೆರಳಿಗೆ ಸುತ್ತಿದ್ದ ಜಪಸರವನ್ನು ತೆಗೆಸಿ ಅಂತೋಣಿಯಪ್ಪನವರ ಕೈಗೆ ಕೊಟ್ಟು, ವೈರುಗಳನ್ನು ಅಂಟಿಸಿದ. ನಾನು ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತೆ.

ಅಲೆ ಓದುವುದರಲ್ಲಿ ಅರ್ಧ ಕೆಲಸ ಸುಳ್ಳು ಅಲೆಗಳನ್ನು ಹಿಡಿಯುವುದು. ಕಣ್ಣು ಮಿಟುಕಿಸಿದರೆ ಒಂದು ಅಲೆ, ಹಲ್ಲು ಕಚ್ಚಿದರೆ ಒಂದು ಗೀಚು. ದವಡೆಯ ಮೂಲೆಯಲ್ಲಿ ಎಲೆಅಡಿಕೆ ಅಡಗಿಸಿಟ್ಟುಕೊಂಡು ಮಲಗಿದ ಒಬ್ಬ ಮಹನೀಯರ ಪರೀಕ್ಷೆಯಲ್ಲಿ ಕಂಡದ್ದನ್ನು ನೋಡಿ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಪಾಪ, ಮೆದುಳಿನದು ಸಣ್ಣ ದನಿ. ಸುತ್ತಲಿನವರೆಲ್ಲ ಅದಕ್ಕಿಂತ ಜೋರಾಗಿ ಮಾತನಾಡುತ್ತಾರೆ. ನಮ್ಮ ಮನೆಯಲ್ಲಿ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆದ್ದರಿಂದ ಅದರ ಮೇಲೆ ನನಗೆ ಮೊದಲಿನಿಂದಲೂ ಕನಿಕರ.

ಫಿಲೋಮಿನಮ್ಮನವರ ಪರದೆಯಲ್ಲಿ ಹಳೆಯ ರಿಪೋರ್ಟಿನಲ್ಲಿ ಇದ್ದದ್ದೇ ಬಂತು. ಮುಂದಲೆಯ ಗೆರೆಗಳಲ್ಲಿ ನಿಧಾನವಾದ, ಅಗಲವಾದ ಅಲೆಗಳು, ಒಂದರ ಹಿಂದೆ ಒಂದು. ಬಾಣಲೆ ಹೋಯಿತು ಎಂದುಕೊಂಡೆ. ಕಣ್ಣು ಹೊರಳಿಸುತ್ತಿದ್ದಾರೇನೋ ಎಂದು ನೋಡಲು ಒಳಗೆ ಹೋಗಿ, "ಆರಾಮಾಗಿದೀರಾ ಅಮ್ಮ?" ಎಂದು ಕೇಳಿದೆ. "ಹೂಂ" ಎಂದರು. "ಅಲೆ ನಿಂತೋಯ್ತು ಮೇಡಂ" ಎಂದು ನಂಜುಂಡ ಹೊರಗಿನಿಂದ ಕೂಗಿದ. ಸುಮ್ಮನೆ ನಿಂತೆ. "ಮತ್ತೆ ಬಂತು" ಎಂದ.

ಅವರ ಕಣ್ಣು ಅಲ್ಲಾಡುತ್ತಿರಲಿಲ್ಲ. ತುಟಿ ಮುಚ್ಚಿತ್ತು. ಆದರೆ ಗಂಟಲಿನ ಹತ್ತಿರ, ಗದ್ದದ ಕೆಳಗೆ, ಚರ್ಮ ಸಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು. ಆ ಗಂಟಲನ್ನು ನಾನು ಎಲ್ಲೋ ನೋಡಿದ್ದೆ.

ಎಲ್ಲೋ ಏನು, ನಮ್ಮ ಮನೆಯ ನಡುಮನೆಯಲ್ಲೇ. ನನ್ನ ಅಜ್ಜಿ ಬೆಳಗಿನ ಜಪಕ್ಕೆ ಕೂತರೆ ತುಟಿ ಅಲ್ಲಾಡಬಾರದು, ದನಿ ಹೊರಬರಬಾರದು ಎಂಬ ನೇಮ. ನಾಲಿಗೆ ಮಾತ್ರ ಒಳಗೊಳಗೇ ಹೊರಳುತ್ತಿತ್ತು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ಗಂಟಲನ್ನೇ ನೋಡುತ್ತ, ಯಾವ ದೇವರ ಹೆಸರೆಂದು ಪತ್ತೆ ಮಾಡಲು ಹೆಣಗುತ್ತಿದ್ದೆ. ಅಜ್ಜಿ ಕಣ್ಣು ಬಿಡದೆಯೇ ಕೈ ಬೀಸಿ ನನ್ನನ್ನು ಓಡಿಸುತ್ತಿದ್ದಳು. ಹಾಲು ಉಕ್ಕಿದರೆ ಮಾತ್ರ ಜಪದ ಮಧ್ಯದಲ್ಲೇ "ಹೂಂ! ಹೂಂ!" ಎಂದು ಅಡುಗೆಮನೆ ಕಡೆ ಬೆರಳು ತೋರಿಸುತ್ತಿದ್ದಳು. ಏನು ಜಪಿಸುತ್ತಿದ್ದಳೋ, ಕೊನೆಗೂ ಯಾರಿಗೂ ಹೇಳಲಿಲ್ಲ.

"ಫಿಲೋಮಿನಮ್ಮ, ಒಳಗೊಳಗೇ ಏನಾದ್ರೂ ಹೇಳ್ಕೋತಿದೀರಾ?" ಎಂದೆ.

ಅವರು ಕಣ್ಣು ತೆರೆದರು, ಕಳ್ಳತನದಲ್ಲಿ ಸಿಕ್ಕವರ ಹಾಗೆ. "ಜಪಸರ ಡಾಕ್ಟ್ರಮ್ಮ. ಕೈಯಲ್ಲಿರೋದ್ನ ಕಿತ್ಕೊಂಬುಟ್ರು. ಅದುಕ್ಕೆ ನಾಲ್ಗೇಲೇ ಹೇಳ್ಕೊತಿದ್ದೆ."

"ಹೋದ ಸಲ ಪರೀಕ್ಷೆ ಆದಾಗ?"

"ಆಗ್ಲೂವೆ. ಎಂಗೆ ಸುಮ್ನೆ ಮಲೀಕ್ಕೊಳದು? ಬಯ ಆಗಲ್ವಾ?"

ನಾಲಿಗೆಯ ತುದಿಗೂ ಬುಡಕ್ಕೂ ವಿದ್ಯುತ್ತಿನಲ್ಲಿ ವ್ಯತ್ಯಾಸವಿದೆ. ಅದು ಬಾಯೊಳಗೆ ಆಡಿದರೆ ಮುಂದಲೆಯ ವೈರುಗಳು ಅದನ್ನೂ ಮೆದುಳಿನ ಅಲೆಯೆಂದೇ ಬರೆದುಕೊಳ್ಳುತ್ತವೆ. ಖಾತ್ರಿ ಮಾಡಿಕೊಳ್ಳಲು "ಲಲ್ಲ ಲಲ್ಲ ಅನ್ನಿ" ಎಂದೆ. ಅಂದರು. ತೆರೆದ ಬಾಗಿಲಾಚೆಯ ಪರದೆಯಲ್ಲಿ ಅದೇ ಅಲೆಗಳು. ನನಗೆ ಎಷ್ಟು ಖುಷಿಯಾಯಿತೆಂದರೆ ನಾನೂ ಜೊತೆಗೆ ಲಲ್ಲ ಎಂದುಬಿಟ್ಟೆ.

ಆದರೆ ಶುದ್ಧವಾದ ಅಲೆ ಸಿಗದೆ ರಿಪೋರ್ಟು ಬರೆಯುವಂತಿಲ್ಲ. ಸ್ವಲ್ಪ ಹೊತ್ತು ಪ್ರಾರ್ಥನೆ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ಪ್ರಯತ್ನಪಟ್ಟರು, ಹಲ್ಲು ಕಚ್ಚಿದರು, ಪರದೆಯ ತುಂಬ ಗೀಚು. "ಆಗ್ತಾ ಇಲ್ಲ ಕಣಮ್ಮ. ನಿಲ್ಸಿದ್ರೆ ಕೈಬುಟ್ಟಂಗಾಗ್ತದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಆಗ ನನಗೆ ಹೊಳೆದದ್ದು, ಬಾಗಿಲಲ್ಲಿ ಜಪಸರ ಹಿಡಿದು ನಿಂತಿದ್ದ ಅಂತೋಣಿಯಪ್ಪ. "ನೀವು ಜೋರಾಗಿ ಹೇಳಿ. ಅವರು ಕೇಳಿಸ್ಕೊಳ್ಳಲಿ. ಅವರ ಪಾಲಿಂದೂ ನೀವೇ ಹೇಳಿದ ಹಾಗಾಗತ್ತೆ."

"ನಾನಾ?" ಎಂದರು ಅವರು. "ನಾನು ಚರ್ಚ್‌ನಲ್ಲಿ ಹಿಂದಿನ್ ಬೆಂಚೋನು ಮೇಡಂ."

ಆದರೂ ಹೇಳಿದರು. ಸ್ಟೂಲಿನ ಮೇಲೆ ಕೂತು, ಮಣಿಗಳನ್ನು ನಟ್ಟು ಬಿಗಿಯುವವರ ಹಾಗೆ ತಿರುಗಿಸುತ್ತ, ಮರಿಯಮ್ಮನವರಿಗೆ ನಮಸ್ಕಾರ ಹೇಳಿ, ನಮಗಾಗಿ ಬೇಡಿಕೊಳ್ಳಿ ಎಂಬಲ್ಲಿಗೆ ಮುಗಿಸಿ, ಮತ್ತೆ ಮೊದಲಿನಿಂದ. ಫಿಲೋಮಿನಮ್ಮನವರ ಗಂಟಲು ನಿಂತಿತು. ಪರದೆಯ ಮೇಲೆ ಗೆರೆಗಳು ತಿಳಿಯಾದವು. ಹಿಂದಲೆಯಲ್ಲಿ ಕಣ್ಣು ಮುಚ್ಚಿದ ನೆಮ್ಮದಿಯ ಸಣ್ಣ ಅಲೆಗಳು, ಸಮನಾಗಿ, ಚೆಂದವಾಗಿ. ಆದರೆ ಒಂದೊಂದು ಸುತ್ತು ಮುಗಿದಾಗಲೂ ಮುಂದಲೆಯಲ್ಲಿ ಒಂದೇ ಒಂದು ಅಗಲವಾದ ಅಲೆ ಏಳುತ್ತಿತ್ತು. ಪ್ರತಿ ಸುತ್ತಿಗೂ, ಅದೇ ಜಾಗದಲ್ಲಿ.

"ಅಲ್ಲೇನೋ ಬುಟ್ಬುಡ್ತಾರೆ ಇವ್ರು" ಎಂದರು ಫಿಲೋಮಿನಮ್ಮ, ವೈರು ತೆಗೆದ ಮೇಲೆ. "ಕೊನೇ ಮಾತು ಹೇಳೋದೇ ಇಲ್ಲ. ನಾನು ಒಳಗಿಂದ ಸೇರುಸ್ತಿದ್ದೆ." ಗಂಡನ ಕಡೆ ತಿರುಗಿ, "ಇಷ್ಟು ವರ್ಷ ಆದ್ರೂ ಒಂದು ಪ್ರಾರ್ಥನೆ ಬರಲ್ವಲ್ಲ ನಿಮಗೆ!" ಎಂದು ಗದರಿದರು. ಅಂತೋಣಿಯಪ್ಪ ನೆಲ ನೋಡಿ ನಕ್ಕರು.

ಆಕೆ ತಲೆ ತೊಳೆದುಕೊಳ್ಳಲು ಹೋದಾಗ ಅವರು ನನ್ನ ಮೇಜಿನ ಹತ್ತಿರ ಬಂದರು. "ಮರ್ತಿರ್ಲಿಲ್ಲ ಡಾಕ್ಟ್ರಮ್ಮ. 'ಈಗಲೂ ನಮ್ಮ ಮರಣದ ಹೊತ್ತಲ್ಲೂ' ಅಂತ ಬರ್ತದೆ ಅಲ್ಲಿ. ಅವ್ಳ ತಲೆ ಮೇಲೆ ಅಷ್ಟೊಂದು ವೈರ್ ನೋಡ್ಕೊಂಡು ಆ ಮಾತು ಬಾಯಿಗೆ ಬರ್ಲಿಲ್ಲ. ಅವ್ಳಿಗೇಳ್ಬೇಡಿ."

ನಾನು ಹೇಳಲಿಲ್ಲ. ಆಕೆಗೆ ಹೇಳಿದ್ದು ಬೇರೆ: ಮಾತ್ರೆ ನಿಧಾನವಾಗಿ ಕಡಿಮೆ ಮಾಡೋಣ, ಅದೆಲ್ಲ ಮುಗಿದು ಸ್ವಲ್ಪ ಕಾಲ ನೋಡಿದ ಮೇಲೆ ಬಾಣಲೆ ನಿಮ್ಮದು, ಉಪವಾಸ ಇದ್ದಾಗ ಮಾತ್ರ ಕೂತು ಪ್ರಾರ್ಥಿಸಿ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. ಅಂದಿನಿಂದ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ರೋಸ್ ಕುಕ್ಕಿಯ ಡಬ್ಬ ಬರುವುದು ತಪ್ಪಿಲ್ಲ. ನನ್ನ ಗಂಡ ನನ್ನ ವೃತ್ತಿಜೀವನದಲ್ಲಿ ಮೆಚ್ಚಿಕೊಂಡದ್ದು ಇದೊಂದನ್ನೇ.

ಬುಧವಾರಕ್ಕೆ ಬರೋಣ. ಹೊಸ ಮಷೀನಿನ ಮುಂದೆ, ಸೀಗೆಯ ವಾಸನೆಯ ತಲೆಗೆ ವೈರು ಅಂಟಿಸಿಕೊಂಡು ಮಲಗಿದೆ. "ಕಣ್ಮುಚ್ಕೊಂಡು ಸುಮ್ನೆ ಇದ್ಬುಡಿ" ಎಂದು ನಂಜುಂಡ ದೀಪ ಆರಿಸಿದ. ಇಷ್ಟು ಜನರಿಗೆ ಹೇಳಿದ್ದೇನೆ, ಸುಮ್ಮನೆ ಮಲಗಿ ಎಂದು. ಮಲಗಿದಾಗ ಗೊತ್ತಾಯಿತು, ಅದೆಂಥ ಕಷ್ಟದ ಕೆಲಸ ಎಂದು. ಪಕ್ಕದ ಕೋಣೆಯಲ್ಲಿ ನನ್ನ ತಲೆಯೊಳಗಿನದು ಪರದೆಯ ಮೇಲೆ ಹರಿಯುತ್ತಿದೆ, ಅದರಲ್ಲಿ ಏನಿರುತ್ತದೋ! ಊರಿನವರ ಅಲೆಗಳನ್ನೆಲ್ಲ ಓದಿದವಳಿಗೆ ತನ್ನದನ್ನು ನೆನೆದು ನಿಜವಾಗಿಯೂ ಹೆದರಿಕೆಯಾಯಿತು.

"ಮೇಡಂ" ಎಂದ ನಂಜುಂಡ, ಮೈಕಿನಲ್ಲಿ. ದನಿಯಲ್ಲಿ ನಗು ಇತ್ತು. "ನಾಲ್ಗೆ ಆಡುಸ್ತಿದೀರ."

ಹೌದು, ಆಡಿಸುತ್ತಿದ್ದೆ. ಅಜ್ಜಿಯ ಜಪವಲ್ಲ, ಅದು ನನಗೆ ಗೊತ್ತೇ ಇಲ್ಲ. ಸ್ಟೂಲಿನ ಮೇಲೆ ಕೂತ ಒಬ್ಬ ಫಿಟ್ಟರು ಅಂದು ಮತ್ತೆ ಮತ್ತೆ ಹೇಳಿ ನನಗೆ ಬಾಯಿಪಾಠ ಮಾಡಿಸಿದ್ದ ಪ್ರಾರ್ಥನೆ ಅದು. ನಮಗಾಗಿ ಬೇಡಿಕೊಳ್ಳಿ ಎಂಬಲ್ಲಿಗೆ ನನ್ನ ನಾಲಿಗೆಯೂ ನಿಂತು, ಮುಂದಿನ ಮಾತು ಬಿಟ್ಟು, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು.

"ಆ ಭಾಗ ಅಳಿಸ್ಬುಡ್ಲಾ ಮೇಡಂ?"

"ಬೇಡ ಕಣೋ" ಎಂದೆ. "ಇರಲಿ ಬಿಡು."