ಪ್ರಮೋದಾ ಮೇಡಂ ಕೊಟ್ಟ ಸುತ್ತಿಗೆ

ಪಿಯುಸಿ ಫಲಿತಾಂಶ ಬಂತೆಂದರೆ ಪ್ರಮೋದಾ ಮೇಡಂ ಮನೆಯಲ್ಲಿ ನಿಲ್ಲುವುದಿಲ್ಲ. ಸ್ಕೂಟರಿನ ಡಿಕ್ಕಿಗೆ ನಾಲ್ಕು ಕಲ್ಲು, ಒಂದು ಸುತ್ತಿಗೆ ಹಾಕಿಕೊಂಡು ಕುಂದಾಣದ ಸುತ್ತಿನ ಹಳ್ಳಿಗಳಿಗೆ ಹೊರಟುಬಿಡುತ್ತಾರೆ. ಕಾಲೇಜಿನಲ್ಲಿ ಅವರು ಹೇಳಿಕೊಡುವುದು ಭೂವಿಜ್ಞಾನ. ಕಾಲೇಜಿನ ಮೆಟ್ಟಿಲನ್ನೇ ತುಳಿಯದ ಮನೆಗಳ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಆ ವಿಷಯಕ್ಕೆ ಸೇರಿಸಲೇಬೇಕೆಂಬುದು ಅವರ ಹಠ. ಊರವರು 'ಕಲ್ಲು ಮೇಡಂ' ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಅವರೇನು ಕರಗುವ ಪೈಕಿಯಲ್ಲ.

ಈ ವರ್ಷ ಅವರ ಕಣ್ಣು ಬಿದ್ದದ್ದು ಬಿಂದುಶ್ರೀಯ ಮೇಲೆ. ಎಲ್ಲಿ ಬೋರ್‌ವೆಲ್ ಕೊರೆದರೂ ಓಡಿಹೋಗಿ, ಮೇಲೆ ಬಂದ ಮಣ್ಣಿನ ಬಣ್ಣ ನೋಡುವ ಹುಚ್ಚು ಆ ಹುಡುಗಿಗೆ. ಅಪ್ಪ ನರಸಿಂಹಯ್ಯ ಕಲ್ಲು ಒಡೆಯುವ ಮನೆತನದವರು. ಈಗ ದೇವನಹಳ್ಳಿಯ ಹೋಟೆಲೊಂದರಲ್ಲಿ ಕಾವಲು ಕೆಲಸ. ಮಗಳನ್ನು ಬಿಕಾಂಗೆ ಸೇರಿಸುವುದೆಂದು ಅವರು ತೀರ್ಮಾನಿಸಿಯಾಗಿತ್ತು.

ಮೊದಲ ಸಲ ಹೋದಾಗಲೇ ಮೇಡಂ ಎಡವಿದರು. ಹುಡುಗಿಗೆ ಹುರುಪು ಬರಲೆಂದು ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟರು. ನರಸಿಂಹಯ್ಯನವರ ಮುಖ ಕಪ್ಪಿಟ್ಟಿತು.

"ಇಡಮ್ಮ ಅದನ್ನ ಕೆಳಗೆ," ಎಂದು ಮಗಳನ್ನು ಗದರಿ, ಮೇಡಂ ಕಡೆ ತಿರುಗಿದರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ಮೂರು ತಲೆಮಾರು ಕೈ ಕೆಸರಾಯ್ತು, ಮೊಸರು ಉಂಡೋರು ಬೇರೆಯೋರು. ನಮ್ಮಣ್ಣ ಕ್ವಾರಿಲೇ ಬಂಡೆ ಬಿದ್ದು ಸತ್ತ. ಅವತ್ತೇ ನನ್ನ ಸುತ್ತಿಗೆ ಕೆರೆಗೆ ಎಸೆದುಬಿಟ್ಟೆ. ನೀವು ಓದಿಸ್ತೀನಿ ಅಂತ ಬಂದು ಅದನ್ನೇ ಮಗೀನ ಕೈಗೆ ಕೊಡ್ತೀರಲ್ಲ!"

ಪ್ರಮೋದಾ ಸುತ್ತಿಗೆಯನ್ನು ಎತ್ತಿ ಡಿಕ್ಕಿಗೆ ಹಾಕಿಕೊಂಡು ಹೊರಟರು. ಅವರ ತಾಯಿಯೂ ಜಲ್ಲಿ ಕುಟ್ಟಿಯೇ ಅವರನ್ನು ಓದಿಸಿದ್ದು. ಬೇರೆ ಯಾರಾದರೂ ಈ ತಪ್ಪು ಮಾಡಬಹುದಿತ್ತು, ತಾನು ಮಾಡಬಾರದಿತ್ತು ಎಂದು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. ಹಾಗೆಂದು ಹಿಂದೆ ಸರಿಯಲಿಲ್ಲ. ದಾಖಲಾತಿ ಮುಗಿಯಲು ಇನ್ನೊಂದು ವಾರವಿತ್ತು. ಮತ್ತೆ ಹೋಗಿ ಬಾಗಿಲಲ್ಲಿ ನಿಂತರು.

"ಅಣ್ಣಾ, ಭಾನುವಾರ ನಮ್ಮ ಸ್ಟೂಡೆಂಟ್ಸನ್ನ ಶಿವಗಂಗೆಗೆ ಕರ್ಕೊಂಡು ಹೋಗ್ತೀನಿ. ಬಸ್ಸಲ್ಲಿ ಜಾಗ ಐತೆ. ಬಂದು ನೋಡಿ. ಆಮೇಲೂ ಬೇಡ ಅಂದ್ರೆ ಈ ಹೊಸ್ಲು ತುಳಿಯಲ್ಲ."

"ದೇವರ ಬೆಟ್ಟಕ್ಕೆ ಕರೆದ್ರೆ ಒಲ್ಲೆ ಅನ್ಬಾರ್ದು, ಹೋಗ್ಬನ್ನಿ," ಎಂದು ಒಳಗಿನಿಂದ ಹೆಂಡತಿ ಮುನಿವೆಂಕಟಮ್ಮ ಕೂಗಿದರು. ನರಸಿಂಹಯ್ಯನವರ ಆಟ ಅಲ್ಲಿಗೆ ಮುಗಿಯಿತು.

ಭಾನುವಾರ ಅವರೂ ಶಿವಗಂಗೆಯ ಬಸ್ಸು ಹತ್ತಿದರು. ದೇವರ ಬೆಟ್ಟಕ್ಕೆ ಪೆಟ್ಟು ಹಾಕಲು ಮೇಡಂ ಯಾರನ್ನೂ ಬಿಡುವುದಿಲ್ಲ. ತಪ್ಪಲಿನಲ್ಲಿ, ರಸ್ತೆಗೆಂದು ಅಗೆದಾಗ ಉರುಳಿಬಿದ್ದ ಗುಂಡುಕಲ್ಲುಗಳ ಹತ್ತಿರ ಅವರ ಪಾಠ. ಅಲ್ಲೊಬ್ಬ ಹುಡುಗ ಸುತ್ತಿಗೆ ಹಿಡಿದು, ಒಂದು ಚೂರು ಕಲ್ಲು ತೆಗೆಯಲು ಬೆವರು ಸುರಿಸುತ್ತಿದ್ದ. ನರಸಿಂಹಯ್ಯ ದಿಟ್ಟಿಸಿ ನೋಡಿದರು.

"ಅವನು ಅಪ್ಪಯ್ಯಣ್ಣನೋರ ಮೊಮ್ಮಗ ಅಲ್ವಾ?"

ಹೌದು, ಮನೋಹರ್. ಅಪ್ಪಯ್ಯಣ್ಣ ಊರಿಗೇ ದೊಡ್ಡ ಜಮೀನುದಾರರು. ನರಸಿಂಹಯ್ಯನವರ ಅಣ್ಣ ಸತ್ತದ್ದು ಅವರ ಕ್ವಾರಿಯಲ್ಲೇ. ಆ ಮನೆಯವರ ಕೈಯಲ್ಲಿ ಸುತ್ತಿಗೆಯನ್ನು ನರಸಿಂಹಯ್ಯ ಹುಟ್ಟಿದಾಗಿನಿಂದ ಕಂಡವರಲ್ಲ.

"ಅವನ್ಯಾಕೆ ಹಿಡಿದವ್ನೆ?"

"ಓದೋಕೆ ಅಣ್ಣಾ. ಇದನ್ನ ಓದಿದೋರು ಗಣಿ ಇಲಾಖೆಗೆ ಹೋಗ್ತಾರೆ. ಕ್ವಾರಿಗೆ ಲೈಸೆನ್ಸ್ ಕೊಡಬಹುದಾ, ಕೆಲಸದೋರ ತಲೆ ಮೇಲೆ ಬಂಡೆ ಕುಸೀತದಾ ಅಂತ ನೋಡಿ ಹೇಳೋರು ಅವರೇ." ಪ್ರಮೋದಾ ಮನೋಹರನ ಕಡೆ ಕೈ ತೋರಿದರು. "ಅದನ್ನ ಬರೀ ಆ ಮನೆ ಹುಡುಗರೇ ಹೇಳಬೇಕಾ? ನಿಮ್ಮ ಮಗಳು ಹೇಳಬಾರದಾ?"

 ವಾಪಸು ಬರುವಾಗ ನರಸಿಂಹಯ್ಯ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯಾಚೆ ನೋಡುತ್ತ ಕುಳಿತರು. ಇಳಿಯುವಾಗ ಮಾತ್ರ ಕೈ ಚಾಚಿ, "ಅವತ್ತು ಮಗೀನ ಕೈಗೆ ಕೊಟ್ರಲ್ಲ, ಆ ಸುತ್ತಿಗೆ ಕೊಡಿ," ಎಂದರು. ಇದೂ ಕೆರೆ ಸೇರಿತು ಎಂದುಕೊಂಡೇ ಪ್ರಮೋದಾ ಕೊಟ್ಟರು.

ದಾಖಲಾತಿಯ ಕೊನೆಯ ದಿನ ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ಮೇಡಂಗೆ ಊಟ ಸೇರಲಿಲ್ಲ. ಇನ್ನೇನು ಕಚೇರಿಯ ಬಾಗಿಲು ಹಾಕಬೇಕು, ಅಷ್ಟರಲ್ಲಿ ಬಿಂದುಶ್ರೀ ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆಯೇ ಅಪ್ಪ, ಕಾವಲುಗಾರನ ಸಮವಸ್ತ್ರದಲ್ಲೇ. ಕೈಯಲ್ಲಿದ್ದ ಸುತ್ತಿಗೆಯನ್ನು ಅವರು ಮೇಜಿನ ಮೇಲಿಟ್ಟರು. ಹಿಡಿಯುವ ಹಳೆಯ ಕಾವು ಹೋಗಿ ಜಾಲಿ ಮರದ ಹೊಸ ಕಾವು ಬಂದಿತ್ತು, ಮೊದಲಿನದಕ್ಕಿಂತ ಸಣ್ಣದು.

"ನಿಮ್ಮ ಕಾವು ದಪ್ಪ ಆಯ್ತು ಮೇಡಂ," ಎಂದರು ನರಸಿಂಹಯ್ಯ. "ಇದನ್ನ ಅವಳ ಕೈ ಅಳತೆಗೆ ಕೆತ್ತಿದೀನಿ."