ತಣ್ಣೀರಿಗೆ ನಡುಗಿದ ಇಲಿಗಳು

ಹಾರೋಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಡೆದದ್ದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊಸದನ್ನು ಕಲಿತಾಗ ಮಿದುಳಿನಲ್ಲಿ ಕೆಲವು ಪ್ರೋಟೀನುಗಳು ತಯಾರಾಗುತ್ತವೆ. ಅವಿಲ್ಲದಿದ್ದರೆ ಕಲಿತದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥ ಒಂದು ಪ್ರೋಟೀನನ್ನು ಔಷಧಿಯಿಂದ ತಡೆದು, ಇಲಿಗಳ ನೆನಪು ಏನಾಗುತ್ತದೆಂದು ನೋಡುವುದು ನಮ್ಮ ಕೆಲಸ. ಹಾಲಿನ ಪುಡಿ ಕದಡಿದ ನೀರಿನ ತೊಟ್ಟಿಯಲ್ಲಿ ಕಣ್ಣಿಗೆ ಕಾಣದಂತೆ ಒಂದು ಪುಟ್ಟ ಮಣೆ ಇಟ್ಟು, ಈಜಿ ಅದನ್ನು ಹುಡುಕುವುದನ್ನು ಇಲಿಗಳಿಗೆ ಕಲಿಸಿದ್ದೆವು. ಮರುದಿನ ಬಿಟ್ಟಾಗ ಔಷಧಿ ಪಡೆದ ಇಲಿಗಳು ದಿಕ್ಕು ತಪ್ಪಿ ಸುತ್ತಿದವು. ಪ್ರೊಫೆಸರಿಗೆ ಹಿಗ್ಗೋ ಹಿಗ್ಗು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಕೈಲಾಂಚ ಎಂಬ ಹಳ್ಳಿಯ ಹೆಂಗಸು. ನಾನು ಅಮ್ಮ ಎನ್ನುತ್ತಿದ್ದೆ. ಅರ್ಧ ಆಯಸ್ಸು ರೇಷ್ಮೆಹುಳು ಸಾಕಿದವರು; ಕಾವು ಸ್ವಲ್ಪ ಏರುಪೇರಾದರೂ ಅವರಿಗೆ ತಿಳಿಯುತ್ತಿತ್ತು.

"ಸಾ, ಇವು ಮರ್ತಿಲ್ಲ. ಬೆಳಿಗ್ಗೆ ನೀರು ತಣ್ಣಗೈತೆ, ನಡುಗ್ತಾ ಅವೆ," ಎಂದರು ಪ್ರೊಫೆಸರಿಗೆ.

"ಬೋನು ತೊಳೆಯೋದು ನಿನ್ನ ಕೆಲಸ. ಅಷ್ಟು ಮಾಡು."

ತಾಯಿ ವಯಸ್ಸಿನವರಿಗೆ ಏಕವಚನ! ನಾನೂ ಬಾಯಿ ಬಿಡಲಿಲ್ಲ. ಆ ಸಿಟ್ಟು ನನ್ನ ಮೇಲೂ ಇದೆ.

ಮಾರನೆಯ ಬೆಳಿಗ್ಗೆ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಅವರು ಹೇಳಿದ್ದು ನಿಜ. ಔಷಧಿಯ ಗುಂಪನ್ನು ದಿನಾ ಮೊದಲು ಬಿಡುತ್ತಿದ್ದೆವು; ಔಷಧಿ ಕೊಡದ ಉಳಿದವುಗಳ ಸರದಿ ಬರುವಷ್ಟರಲ್ಲಿ ನೀರು ಬೆಚ್ಚಗಾಗುತ್ತಿತ್ತು. ಹೊಸ ಇಲಿಗಳನ್ನು ತಂದು, ಒಂದೇ ಹದದ ನೀರಿನಲ್ಲಿ, ಸರದಿ ಬೆರೆಸಿ ಎಲ್ಲವನ್ನೂ ಮತ್ತೆ ಮಾಡಿದೆ. ಔಷಧಿ ಪಡೆದವು ಒಂದಿಷ್ಟು ತಡವರಿಸಿದವು, ಆದರೂ ಹೆಚ್ಚಿನವು ಮಣೆ ಹತ್ತಿದವು. ಪ್ರೋಟೀನಿನ ಪಾತ್ರ ಇತ್ತು, ನಾವು ಬೀಗಿದಷ್ಟು ಇರಲಿಲ್ಲ.

"ಮೊದಲಿನ ಫಲಿತಾಂಶವನ್ನೇ ಬರಿ," ಎಂದರು ಪ್ರೊಫೆಸರ್.

"ಸುಳ್ಳು ಬರೆಯಲ್ಲ ಸರ್."

ವಾರಗಟ್ಟಲೆ ಜಗಳವಾಡಿ, ಸಂಶೋಧನಾ ಸಮಿತಿಗೆ ದೂರು ಕೊಟ್ಟ ಮೇಲೆ ಹೊಸ ಫಲಿತಾಂಶ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖನದ ಕೊನೆಯ ಕೃತಜ್ಞತೆಯಲ್ಲಿ ಬೋನು ಮಾರಿದ ಅಂಗಡಿಯ ಹೆಸರಿತ್ತು, ಅಮ್ಮನ ಹೆಸರಿರಲಿಲ್ಲ. ಪ್ರೊಫೆಸರನ್ನು ಕೇಳಿದರೆ, "ಸಂಬಳ ಕೊಡ್ತೀವಲ್ಲ" ಎಂದರು.

ಅಮ್ಮನಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. "ನಾನ್ ಹೇಳ್ದೆ ಇದ್ದಿದ್ರೆ ಅವ್ರಿಗೇನ್ ಗೊತ್ತಾಯ್ತಿತ್ತವ್ವ? ಬರೀಬೇಕಾಗಿತ್ತು."

ನನ್ನ ಪಿಎಚ್.ಡಿ. ಪ್ರಬಂಧದ ಕೃತಜ್ಞತೆಯ ಪುಟವನ್ನು ಕನ್ನಡದಲ್ಲೇ ಬರೆದು, ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿದೆ. ಪ್ರೊಫೆಸರ್ ತೆಗೆಯೆಂದರು. ತೆಗೆಯಲಿಲ್ಲ.

ಪ್ರತಿ ಕೊಟ್ಟಾಗ ಅಮ್ಮ ಬೆರಳಿಟ್ಟು ನಿಧಾನವಾಗಿ ಓದಿದರು.

"ಇದ್ನ ಆ ಸಾರ್‌ಗೂ ಒಂದ್ ಕೊಟ್ಟಿದ್ದೀಯಾ?"

"ಕೊಟ್ಟಿದ್ದೀನಿ ಅಮ್ಮ."