ಅತ್ತಿಗೆ ಬರೆದಿಟ್ಟ ಗಂಟೆಗಳು

2022ರಲ್ಲಿ ನಾನು ಉತ್ತರ ಬೆಂಗಳೂರಿನ ಒಂದು ಕಚೇರಿಯಲ್ಲಿ ಜಿಎಸ್‌ಟಿ ಆಡಿಟ್ ಅಧಿಕಾರಿಯಾಗಿದ್ದೆ. ಹಾವೇರಿ ಕಡೆಯವನು. ಇಪ್ಪತ್ತಾರು ವರ್ಷ ಸರ್ವಿಸ್ ಆದಮೇಲೂ ವಿದ್ಯಾರಣ್ಯಪುರದಲ್ಲಿ ಬಾಡಿಗೆ ಮನೆ. ಕರೆಂಟು ಹೋದರೆ ನಮ್ಮ ಹಳೆಯ ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ನನ್ನ ಹೊಟ್ಟೆಕಿಚ್ಚಿಗೂ ಪಾಲಿದೆ.

ಬಾಗಲೂರಿನ ಮುನಿರಾಜು ಶಾಮಿಯಾನ, ಕುರ್ಚಿ, ಜನರೇಟರ್ ಬಾಡಿಗೆಗೆ ಕೊಡುತ್ತಿದ್ದರು. ಕೊರೊನಾಕ್ಕೆ ಎರಡು ವರ್ಷ ಮೊದಲು ಐದು ಲಕ್ಷದ ಹೊಸ ಜನರೇಟರ್ ಕೊಂಡು, ಅದರ ಮೇಲಿನ ತೊಂಬತ್ತು ಸಾವಿರ ತೆರಿಗೆಯನ್ನು ಪೂರ್ತಿ ಇನ್‌ಪುಟ್ ಕ್ರೆಡಿಟ್ ಆಗಿ ಪಡೆದಿದ್ದರು. ವ್ಯಾಪಾರಕ್ಕೆಂದು ಕೊಂಡ ವಸ್ತುವಿನ ತೆರಿಗೆಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಆ ಹೆಸರು. ಆದರೆ ಅದೇ ವಸ್ತು ಮನೆಗೂ ಬಳಕೆಯಾದರೆ ಆ ಪಾಲಿನ ಕ್ರೆಡಿಟ್ ಸಿಗುವುದಿಲ್ಲ.

ಕರೆಂಟು ಹೋದಾಗಲೆಲ್ಲ ಜನರೇಟರ್ ಮನೆಗೇ ಓಡುತ್ತದೆ ಎಂದು ದೂರು ಬಂತು. ಕೊಟ್ಟವರು ಬೇರೆ ಯಾರೂ ಅಲ್ಲ, ಮುನಿರಾಜು ಅವರ ಸ್ವಂತ ಅತ್ತಿಗೆ ರತ್ನಮ್ಮ. ಎರಡು ಮನೆಗೂ ಒಂದೇ ಗೋಡೆ. ರತ್ನಮ್ಮನ ಗಂಡ, ಅಂದರೆ ಅಣ್ಣ, ತನ್ನ ಪಾಲಿನ ಜಮೀನನ್ನು ಮೊದಲೇ ಮೂರು ಕಾಸಿಗೆ ಮಾರಿದ್ದ. ತಮ್ಮ ಮುನಿರಾಜು ಬೆಲೆ ಏರುವವರೆಗೆ ಕಾದು ಮಾರಿ ಮೂರು ಮಹಡಿ ಎಬ್ಬಿಸಿದ್ದ.

ಸ್ಥಳ ಪರಿಶೀಲನೆಗೆ ಹೋದೆ. ಗ್ರಾನೈಟ್ ಮೆಟ್ಟಿಲು, ಮನೆಯೊಳಗೇ ಲಿಫ್ಟು. ನಮ್ಮ ಇಡೀ ಬಾಡಿಗೆ ಮನೆ ಅವರ ಹಾಲ್‌ನಲ್ಲಿ ಹಿಡಿಸುತ್ತಿತ್ತು. ಕಾಫಿ ಬೇಡವೆಂದೆ. ಅದರಲ್ಲಿ ಅರ್ಧ ಪ್ರಾಮಾಣಿಕತೆ, ಅರ್ಧ ಉರಿ. ಮನೆಗೆ ಬಳಸಿದ ಗಂಟೆಗಳ ಲಾಗ್ ಪುಸ್ತಕ ಕೇಳಿದೆ.

"ಬರ್ದಿಟ್ಟಿಲ್ಲ ಸಾರ್. ಒಂದೊಂದ್ ಸಲ ಮನೆಗೂ ಆಕ್ಕೊಂಡಿದೀವಿ, ಇಲ್ಲ ಅನ್ನಲ್ಲ."

ನನಗೆ ಖುಷಿಯೇ ಆಯಿತು. ದಾಖಲೆ ಇಲ್ಲದಿದ್ದರೆ ಪೂರ್ತಿ ಕ್ರೆಡಿಟ್ ತಿರಸ್ಕರಿಸಿ, ಬಡ್ಡಿ ದಂಡದೊಂದಿಗೆ ವಸೂಲಿಗೆ ಬರೆಯಬಹುದಿತ್ತು. ಮನೆ ದೊಡ್ಡದಿದ್ದರೂ ಕೊರೊನಾದ ಎರಡು ವರ್ಷ ಸಮಾರಂಭಗಳಿಲ್ಲದೆ ಅವರ ವ್ಯಾಪಾರ ನೆಲ ಕಚ್ಚಿತ್ತು. ಅಷ್ಟು ಕಟ್ಟಬೇಕಾದರೆ ಜನರೇಟರನ್ನೇ ಮಾರಬೇಕು ಎಂದರು. ಮಾರಲಿ ಎಂದುಕೊಂಡೆ. ವರದಿಯ ಕರಡನ್ನೂ ಬರೆದಿಟ್ಟೆ.

ಮರುವಾರ ರತ್ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು. ಮೈದುನನನ್ನು ಸಿಕ್ಕಿಸಲು ಇದೊಂದೇ ಸಾಕೆಂಬ ನಂಬಿಕೆ ಅವರದು. ತಾವು ಕತ್ತಲಲ್ಲಿ ಕೂತಿದ್ದಾಗ ಪಕ್ಕದ ಮನೆಯಲ್ಲಿ ಜನರೇಟರ್ ಶುರುವಾದ ಹೊತ್ತು, ನಿಂತ ಹೊತ್ತು ಎಲ್ಲವನ್ನೂ, ಅದು ಬಂದ ದಿನದಿಂದ, ಗಡಿಯಾರ ನೋಡಿ ಬರೆದಿದ್ದರು. ನಾನು ಕಂಡ ಯಾವ ಕಂಪನಿಯ ಲಾಗ್ ಪುಸ್ತಕವೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಅವರೆದುರೇ ಎಲ್ಲವನ್ನೂ ಕೂಡಿಸಿದೆ. ನಲವತ್ತೆಂಟು ಗಂಟೆ.

ಜನರೇಟರ್‌ನ ಮೀಟರಿನಲ್ಲಿ ಒಟ್ಟು ಸಾವಿರದ ಇನ್ನೂರು ಗಂಟೆ ಇತ್ತು. ಉಳಿದ ಗಂಟೆಗಳು ಬಾಡಿಗೆ ಬಿಲ್ಲುಗಳಿಗೆ ತಾಳೆಯಾದವು. ಎಂದರೆ ಮನೆಯ ಬಳಕೆ ನೂರಕ್ಕೆ ನಾಲ್ಕು. ತೊಂಬತ್ತು ಸಾವಿರದಲ್ಲಿ ಮುನಿರಾಜು ಹಿಂದಿರುಗಿಸಬೇಕಾದ ಕ್ರೆಡಿಟ್ ಮೂರು ಸಾವಿರದ ಆರುನೂರು, ಜೊತೆಗೆ ಅದರ ಬಡ್ಡಿ.

"ಅಷ್ಟೇನಾ ಸಾರ್?" ಎಂದರು ರತ್ನಮ್ಮ. ಅವರಿಗೆ ನಿರಾಸೆಯಾಗಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಿತ್ತು.

ಪುಸ್ತಕದಲ್ಲಿ ಒಂದೇ ದಿನ ಹನ್ನೊಂದು ಗಂಟೆ ಎಂದಿತ್ತು. ಅದೇನೆಂದು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಹೇಳಿದರು.

"ಅದು ನಮ್ ಉಡ್ಗಿ ನಿಶ್ಚಿತಾರ್ಥಕ್ಕೆ ಸಾರ್. ನಮ್ ಮನೆಗೇ ಆಕ್ಕೊಟ್ಟಿದ್ರು, ಬಾಡ್ಗೆ ಇಸ್ಕೊಳ್ಲಿಲ್ಲ. ಯಾಪಾರ ಅಲ್ವಲ್ಲ, ಅದ್ಕೇ ಬರ್ದೆ."

ತಮಗೆ ಮಾಡಿದ ಉಪಕಾರವನ್ನೂ ದೂರಿನ ಲೆಕ್ಕಕ್ಕೆ ಹಿಡಿದಿದ್ದರು, ಪುಣ್ಯಾತ್ಗಿತ್ತಿ. ನಗು ಬಂತು. ಆಮೇಲೆ ಕರಡು ವರದಿ ನೆನಪಾಗಿ ನಗು ನಿಂತಿತು. ಅದನ್ನು ಹರಿದು ಹೊಸದು ಬರೆದೆ.

ಈಗ ನಿವೃತ್ತನಾಗಿದ್ದೇನೆ. ತೆರಿಗೆ ಕಾಯ್ದೆಯನ್ನು ಯಾರು ಬೇಕಾದರೂ ಓದಿ ಕಲಿಯಬಹುದು. ಸಹಿ ಹಾಕುವ ಮುನ್ನ, ಎದುರಿನವನ ಯಾವುದನ್ನು ಕಂಡು ನನಗೆ ಉರಿಯುತ್ತಿದೆ ಎಂದು ಕೇಳಿಕೊಳ್ಳುವುದನ್ನು ಕಲಿಸಿದ್ದು ಆ ನೋಟ್‌ಬುಕ್ಕು. ರತ್ನಮ್ಮನವರ ಹೊಟ್ಟೆಕಿಚ್ಚು ನನ್ನದಕ್ಕಿಂತ ದೊಡ್ಡದು, ಆದರೂ ಅವರು ಒಂದು ನಿಮಿಷ ಹೆಚ್ಚಿಗೆ ಬರೆಯಲಿಲ್ಲ. ನಾನು ನಲವತ್ತೆಂಟು ಗಂಟೆಯನ್ನು ಸಾವಿರದ ಇನ್ನೂರು ಮಾಡಲು ಹೊರಟಿದ್ದೆ.